ಒಂಬತ್ತು ಪಿನ್ನಿನ ಲ್ಯಾಪ್‌ಟಾಪು

ತೊಗರಿ ಚೀಲ ನನ್ನದಲ್ಲ, ಅದನ್ನು ಬಸ್ಸಿಗೆ ಏರಿಸಿದವರು ಯಾರೆಂದೂ ಗೊತ್ತಿಲ್ಲ. ಆದರೆ ಲ್ಯಾಪ್‌ಟಾಪಿನ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳದೆ ಸೀಟಿನ ಪಕ್ಕ ನೆಲಕ್ಕೆ ಇಟ್ಟವಳು ನಾನೇ. ಗುರುವಾರ ಸಂಜೆ ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸು ಯಾವಾಗಲೂ ತುಂಬಿರುತ್ತದೆ. ಅಂದು ನಿಂತವರೊಬ್ಬರ ಕೂಸು ನನ್ನ ತೊಡೆಯ ಮೇಲಿತ್ತು. ರಸ್ತೆಯ ಉಬ್ಬಿನ ಮೇಲೆ ಬಸ್ಸು ಹಾರಿತು, ತೊಗರಿ ಚೀಲ ಬ್ಯಾಗಿನ ಮೇಲೆ ಉರುಳಿತು, ಬ್ಯಾಗಿನೊಳಗಿಂದ ಹಪ್ಪಳ ಮುರಿದಂಥ ಸದ್ದು ಬಂತು.

"ಏನೂ ಆಗಿಲ್ಲ ಬಿಡ್ರಿ ಅಕ್ಕಾರ" ಎಂದು ಪಕ್ಕದ ಸೀಟಿನವರು ಬ್ಯಾಗನ್ನು ನೋಡದೆಯೇ ತೀರ್ಪು ಕೊಟ್ಟರು. ನಾನೂ ತೆರೆದು ನೋಡಲಿಲ್ಲ. ಏನಾಗಿದೆ ಎಂದು ಕಿವಿಗೆ ತಿಳಿದಿತ್ತು. ಕಿವಿಯದೇ ಕೆಲಸ ಮಾಡುವವಳು ನಾನು, ಆದರೂ ಊರು ಮುಟ್ಟುವ ತನಕ ಕಿವುಡಿಯಂತೆ ಕೂತೆ.

ನನ್ನ ಕೆಲಸ ಕಿವಿ ಪರೀಕ್ಷೆ ಮಾಡಿ ಶ್ರವಣ ಸಾಧನ ಕೂಡಿಸುವುದು. ಜನ ಅದನ್ನು ಕಿವಿ ಮಷೀನು ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಸ್ಟೇಶನ್ ಬಜಾರದಲ್ಲಿ ಒಂದು ಲಾಡ್ಜಿನ ಪಕ್ಕದ ಕಟ್ಟಡದಲ್ಲಿ, ಮೊದಲ ಮಹಡಿಯಲ್ಲಿ, ಒಂದು ಟ್ರಸ್ಟಿನ ಕ್ಲಿನಿಕ್ಕು. ಗುರುವಾರಕ್ಕೊಮ್ಮೆ ಕಮಲಾಪುರದ ಮೆಡಿಕಲ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂರುತ್ತೇನೆ. ಅಂದು ಕ್ಲಿನಿಕ್ಕಿಗೆ ಬಂದು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ತೆರೆದೆ. ಎಡಗಡೆಯ ಕೀಲು ಕಿತ್ತು ಬಂದಿತ್ತು. ಪರದೆಯ ಅರ್ಧ ಕಪ್ಪು, ಇನ್ನರ್ಧದಲ್ಲಿ ಬಿಳಿ ಗೆರೆಗಳು. ಒಳಗಿನಿಂದ ಟಿಕ್, ಟಿಕ್, ಟಿಕ್ ಎಂಬ ಸದ್ದು. ತಕ್ಷಣ ಆರಿಸಿದೆ. ಆ ದಿನ ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು ಎಂದು ಆಮೇಲೆ ರಿಪೇರಿಯವರು ಹೇಳಿದರು.

ಹದಿಮೂರು ವರ್ಷದ ಲ್ಯಾಪ್‌ಟಾಪು. ಅದನ್ನು ಹೊತ್ತುಕೊಂಡು ತಿರುಗಿದ್ದಕ್ಕೆ ನನ್ನ ಬಲಭುಜ ಎಡಭುಜಕ್ಕಿಂತ ತಗ್ಗಾಗಿದೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ. ಅದರ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಆದರೆ ಅದರ ಬೆನ್ನಿಗೆ ಒಂಬತ್ತು ಪಿನ್ನಿನ ಒಂದು ಕಿಂಡಿ ಇತ್ತು. ಕಿವಿ ಮಷೀನು ಎಂದರೆ ಒಂದು ಸಣ್ಣ ಕಂಪ್ಯೂಟರೇ. ಯಾವ ಸದ್ದನ್ನು ಎಷ್ಟು ಏರಿಸಬೇಕು ಎಂಬುದನ್ನು ಅದರೊಳಗೆ ಬರೆಯಬೇಕು. ಬರೆಯಲು ಮಷೀನಿಗೆ ಒಂದು ತೆಳ್ಳನೆಯ ವೈರು ಸಿಕ್ಕಿಸಿ, ವೈರನ್ನು ಒಂದು ಪೆಟ್ಟಿಗೆಗೆ ಕೊಟ್ಟು, ಪೆಟ್ಟಿಗೆಯನ್ನು ಆ ಕಿಂಡಿಗೆ ಜೋಡಿಸಬೇಕು. ಈಗಿನ ಲ್ಯಾಪ್‌ಟಾಪುಗಳಿಗೆ ಆ ಕಿಂಡಿ ಇಲ್ಲ. ಮಷೀನು ಮಾಡಿದ ಕಂಪನಿಯೂ ಇಲ್ಲ, ಎಂದೋ ಮುಚ್ಚಿದೆ. ಹೋಗುವ ಮುಂಚೆ ಅವರು ತಮ್ಮ ಸಾಫ್ಟ್‌ವೇರನ್ನು ಈ ಒಂದು ಹಾರ್ಡ್ ಡಿಸ್ಕಿನಲ್ಲಿ ಮಾತ್ರ ನಡೆಯುವಂತೆ ಕೀಲಿ ಹಾಕಿ ಕೊಟ್ಟಿದ್ದರು. ಕಮಲಾಪುರದ ಕಡೆ ಸುಮಾರು ನಲವತ್ತು ಜನ ಆ ಮಷೀನು ಹಾಕಿಕೊಳ್ಳುತ್ತಾರೆ. ನಲವತ್ತು ಜನರ ಕಿವಿಯ ಕೀಲಿ ಒಂದೇ ಡಿಸ್ಕಿನಲ್ಲಿ ಇದೆ ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅದರಲ್ಲಿದ್ದ ಅವರ ಅಂಕಿಗಳ ರಿಕಾರ್ಡನ್ನಾದರೂ ನಕಲು ಮಾಡಿ ಇಟ್ಟಿರಲಿಲ್ಲ, ಮುಂದಿನ ವಾರ ಮಾಡೋಣ ಎಂದು ಎಷ್ಟೋ ವಾರ ಹೇಳಿಕೊಂಡಿದ್ದೆ.

ಟ್ರಸ್ಟಿನ ಕಾರ್ಯದರ್ಶಿಗಳು ನಿವೃತ್ತ ಅಧಿಕಾರಿ, ಒಳ್ಳೆಯವರು. ಫೋನಿನಲ್ಲಿ ವಿಷಯ ಕೇಳಿ ನಕ್ಕರು.

"ಹದಿಮೂರು ವರ್ಷದ ಲ್ಯಾಪ್‌ಟಾಪಿಗೆ ಯಾರರ ಅಳ್ತಾರೇನ್ರಿ? ಅದರ ರಿಪೇರಿ ಗಿಪೇರಿ ಏನೂ ಬ್ಯಾಡ. ಹೊಸಾದು ತರಸ್ತೀನಿ, ತಗೋರಿ."

"ಸರ್, ಹೊಸಾದ್ರಾಗ ಹಳೇ ಮಷೀನು ನಡೆಯಂಗಿಲ್ರಿ."

"ಅದಕ್ಕೊಂದು ವಾಯರ್ ಬರ್ತದ, ಕೇಳ್ರಿ ಯಾರಿಗಾದ್ರೂ. ಈಗ ಎಲ್ಲದಕ್ಕೂ ವಾಯರ್ ಬರ್ತದ."

ಶನಿವಾರವೇ ಹೊಸದು ಬಂತು. ರೊಟ್ಟಿಯಷ್ಟು ತೆಳ್ಳಗಿತ್ತು. ಹಣ ಇಲ್ಲ, ಹಳೆಯದರಲ್ಲೇ ಹೊಂದಿಸಿಕೊಳ್ಳಿ ಎಂದಿದ್ದರೆ ಜಗಳವಾಡಬಹುದಿತ್ತು. ಕೇಳುವ ಮೊದಲೇ ಕೊಡಿಸಿದವರ ಜತೆ ಏನೆಂದು ಜಗಳವಾಡುವುದು?

ವಾಯರ್ ಬರುತ್ತದೆ ಎಂಬುದೂ ನಿಜವೇ. ಒಂದು ತುದಿಗೆ ಒಂಬತ್ತು ಪಿನ್ನು, ಇನ್ನೊಂದು ತುದಿಗೆ ಯುಎಸ್‌ಬಿ. ಮೂರು ಬಗೆಯವು ತಂದು ನೋಡಿದೆ. ಸಾಫ್ಟ್‌ವೇರಿನ ಸಿ.ಡಿ. ಇನ್ನೂ ನನ್ನ ಕಪಾಟಿನಲ್ಲಿತ್ತು. ಅದನ್ನು ಹಾಕಲು ಹೊರಗಿನ ಡ್ರೈವು ಎರವಲು ತಂದೆ. ಹೊಸ ಲ್ಯಾಪ್‌ಟಾಪು ಅರ್ಧ ತನಕ ಒಪ್ಪಿಕೊಂಡು ಆಮೇಲೆ ಕೀಲಿ ಸಂಖ್ಯೆ ಕೇಳಿತು. ಹಳೆಯ ಸಂಖ್ಯೆ ಕೊಟ್ಟರೆ ಇದು ಈ ಯಂತ್ರದ್ದಲ್ಲ ಎಂದಿತು. ಪೆಟ್ಟಿಗೆಯ ಹಸಿರು ದೀಪ ಮಾತ್ರ ಮಿಣುಕುತ್ತಿತ್ತು. ಈಗ ನಮಗೆ ಮಷೀನು ಕೊಡುವ ಡೀಲರನ್ನು ಕೇಳಿದೆ. "ಆ ಮಾಡೆಲ್ ಬಂದಾಗಿ ಭಾಳ ದಿನ ಆಯ್ತು ಮೇಡಂ. ಪೇಷಂಟ್‌ಗೋಳಿಗೆ ಹೊಸ ಮಷೀನ್ ಕೂಡಸ್ರಿ" ಎಂದರು. ಸರಕಾರದ ಯೋಜನೆಯಲ್ಲಿ ಒಮ್ಮೆ ಮಷೀನು ಪಡೆದವರಿಗೆ ಇನ್ನೊಂದು ಸಿಗಲು ಅವಧಿ ಮುಗಿಯಬೇಕು. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಸೋಮವಾರ ಬೆಳಿಗ್ಗೆ ಕಮಲಾಪುರದಿಂದ ಫೋನು ಬಂತು. ಅಲ್ಲಿ ಹಿಟ್ಟಿನ ಗಿರಣಿ ನಡೆಸುವ ಒಬ್ಬರಿದ್ದಾರೆ. ನಾನು ಅವರನ್ನು ಚಾಚಾ ಎನ್ನುತ್ತೇನೆ. ಅವರ ಹೆಂಡತಿ, ಅಂದರೆ ಚಾಚಿಗೆ, ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ, ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ. ಚಾಚಾನ ಕಿವಿಯನ್ನು ಮೂವತ್ತು ವರ್ಷ ಗಿರಣಿಯೇ ಬೀಸಿ ಹಾಕಿದೆ. ಫೋನು ಹಚ್ಚಿದವಳು ಅಂಗನವಾಡಿಯಲ್ಲಿ ಕೆಲಸ ಮಾಡುವ ಅವರ ಮಗಳು.

"ಮೇಡಂ, ಅಮ್ಮಿ ಹಿತ್ತಲದಾಗ ಜಾರಿ ಬಿದ್ದಾಳ್ರಿ. ಎಲುಬು ಏನೂ ಮುರದಿಲ್ಲ. ಆದ್ರ ಅಬ್ಬಾನ್ನ ಕೂಗಿ ಕೂಗಿ ಸಾಕಾಗ್ಯಾದ. ಅಬ್ಬಾ ಹತ್ತ್ ಹೆಜ್ಜಿ ದೂರ ಗಿರಣಿಯಾಗೇ ಕುಂತಾರ, ಮೋಟರ್ ಬಂದ್ ಇತ್ತು, ಕಿವ್ಯಾಗ ಮಷೀನೂ ಇತ್ತು. ಕೇಳಿಸೇ ಇಲ್ಲ. ಜ್ವಾಳ ಬೀಸಲಾಕ ಬಂದಾಕಿ ಒಬ್ಬಾಕಿ ನೋಡಿ ಎತ್ಯಾಳ. ಮಷೀನಿಂದು ಆವಾಜ್ ಜರಾ ಏರಿಸಿ ಕೊಡ್ರಿ."

ಗುರುವಾರ ಬರುತ್ತೇನೆ ಎಂದೆ. ಏರಿಸಿ ಕೊಡುವ ಲ್ಯಾಪ್‌ಟಾಪು ಸತ್ತಿದೆ ಎಂದು ಹೇಳಲಿಲ್ಲ.

ಅದೇ ದಿನ ಸೂಪರ್ ಮಾರ್ಕೆಟ್‌ಗೆ ಹೋದೆ. ಬಟ್ಟೆ ಅಂಗಡಿಗಳ ಮೇಲಿನ ಮಹಡಿಯಲ್ಲಿ ಲ್ಯಾಪ್‌ಟಾಪು ರಿಪೇರಿ ಮಾಡುವ ಐವತ್ತರ ಸುಮಾರಿನ ಒಬ್ಬರಿದ್ದಾರೆ, ಹಣೆಗೆ ಭೂತಗನ್ನಡಿ ಕಟ್ಟಿಕೊಂಡೇ ಚಹಾ ಕುಡಿಯುವವರು. ಅವರು ಒಂದೊಂದೇ ಸ್ಕ್ರೂ ಬಿಚ್ಚಿ, ಯಾವುದು ಎಲ್ಲಿಯದೆಂದು ಮರೆಯದಂತೆ ಮೊಟ್ಟೆ ಇಡುವ ಟ್ರೇಯ ಗುಂಡಿಗಳಲ್ಲಿ ಹಾಕಿದರು. ಪರದೆಯ ಕೆಲಸ ಮೊದಲು ಮುಗಿಯಿತು. ಹೊರಗಿನಿಂದ ಒಂದು ಹಳೆಯ ಮಾನಿಟರ್ ಜೋಡಿಸಿದರೆ ಸಾಕು ಎಂದರು. ಕೀಲು ಮುರಿದದ್ದು ಅವರ ಲೆಕ್ಕಕ್ಕೇ ಬರಲಿಲ್ಲ. ಆಮೇಲೆ ಡಿಸ್ಕನ್ನು ಹೊರಗೆ ತೆಗೆದು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು.

"ಇದರೊಳಗ ಒಂದ್ ತಟ್ಟಿ ತಿರಗತದ್ರಿ ಮೇಡಂ. ಅದರ ಮ್ಯಾಲ ಒಂದ್ ಮುಳ್ಳು, ಮುಟ್ಟಲಾರದಂಗ ತೇಲ್ಕೋತ ಓದ್ತದ. ನಿಮ್ಮ ತೊಗರಿ ಚೀಲ ಬಿದ್ದಾಗ ಆ ಮುಳ್ಳು ತಟ್ಟಿಗಿ ಬಡದದ. ಈಗ ಒಂದೊಂದ್ ಸಲ ತಿರಗಿದಾಗೂ ಅದು ಗೀಚ್ಕೋತ ಹೊಂಟದ."

"ರಿಪೇರಿ ಆಗ್ತದೇನ್ರಿ ಅಣ್ಣಾ?"

"ಡಿಸ್ಕ್ ರಿಪೇರಿ ಅನ್ನೋದು ಇಲ್ರಿ. ಅದು ಸಾಯೋತನಕ ಅದರ ಕಡಿಂದ ಏನ್ ತಗೋಬೇಕೋ ತಗೋಬೇಕು, ಅಷ್ಟ."

ಎರಡು ದಿನ ಅವರು ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಡಿಸ್ಕನ್ನು ತಂಪಾಗಿಟ್ಟು ಒಮ್ಮೆ ಮಾತ್ರ ಚಾಲೂ ಮಾಡಿ, ಗಡಿಯಾರ ನೋಡುತ್ತ ಕೂತರು. ಹನ್ನೊಂದು ನಿಮಿಷ ನಡೆದು ಟಿಕ್ ಎನ್ನತೊಡಗಿದ ಕೂಡಲೇ ಆರಿಸಿದರು. ಬುಧವಾರ ನನ್ನನ್ನು ಕರೆಸಿ ಎದುರಿಗೆ ಕೂರಿಸಿಕೊಂಡು, ಡಾಕ್ಟರು ಹೊರಗೆ ನಿಂತ ಸಂಬಂಧಿಕರಿಗೆ ಹೇಳುವಂತೆ ನಿಧಾನವಾಗಿ ಹೇಳಿದರು.

"ಇನ್ನೊಂದು ಸಲ ಏಳ್ತದ್ರಿ. ಅದರ ಮುಂದಿನ ಸಲಕ್ಕ ನಾ ಜವಾಬ್ದಾರ್ ಅಲ್ಲ. ನೀವು ಈಗ ವಿಚಾರ ಮಾಡ್ರಿ. ಆ ಒಂದು ಸಲದಾಗ ಎಲ್ಲಾ ನಕಲ್ ತಗೀಲಾ? ತಗದ್ರ ನಿಮ್ಮ ನಲವತ್ತು ಮಂದಿ ರಿಕಾರ್ಡ್ ಬರ್ತದ, ಎಷ್ಟ್ ಬರ್ತದೋ ಅಷ್ಟು. ಆದ್ರ ಸಾಫ್ಟ್‌ವೇರ್ ನಕಲ್‌ನಾಗ ನಡೆಯಂಗಿಲ್ಲ, ಅದರ ಕೀಲಿ ಈ ಡಿಸ್ಕಿನ ಮೈಮ್ಯಾಲೇ ಅದ. ಇಲ್ಲಾ ಅಂದ್ರ ಆ ಒಂದ್ ಸಲದಾಗ ನಿಮ್ಮ ಕೆಲಸ ಏನದ ಅದನ್ನ ಮಾಡ್ಕೊಂಡ್ ಬಿಡ್ರಿ. ಎರಡೂ ಆಗಂಗಿಲ್ಲ."

ಹೈದರಾಬಾದಿಗೆ ಕಳಿಸಿದರೆ ಎಂದು ಕೇಳಿದೆ. ಅಲ್ಲಿಯೂ ನಕಲೇ ಸಿಗುವುದು, ಅದೂ ತಿಂಗಳ ಮೇಲೆ ಎಂದರು. ನಾನು ಕೆಳಗಿಳಿದು ಆಟೋಗಳ ನಡುವೆ ಸುಮ್ಮನೆ ನಿಂತೆ. ಒಬ್ಬ ಆಟೋದವನು ಎರಡು ಸಲ "ಎಲ್ಲಿಗ್ರಿ?" ಎಂದು ಕೇಳಿದ.

ಗುರುವಾರ ಗಿರಣಿಗೇ ಹೋದೆ. ಪರೀಕ್ಷೆಯ ಯಂತ್ರ ಬೇರೆ ಇದೆ, ಅದಕ್ಕೇನೂ ಆಗಿರಲಿಲ್ಲ. ಮೊದಲು ಸದ್ದುಗಳ ಪರೀಕ್ಷೆ. ದಪ್ಪ ಸದ್ದುಗಳು ಚಾಚಾಗೆ ಹಿಂದಿನಷ್ಟೇ ಕೇಳುತ್ತಿದ್ದವು. ಸಣ್ಣ ಸದ್ದುಗಳು, ಸೀಟಿ, ಹಕ್ಕಿ, ಪಿಸುಮಾತಿನ ಸದ್ದುಗಳು, ಬಹಳ ಇಳಿದಿದ್ದವು. ಆಮೇಲೆ ಪದಗಳ ಪರೀಕ್ಷೆ. ನಮ್ಮ ಹತ್ತಿರ ಇಪ್ಪತ್ತೈದು ಪದಗಳ ಅಚ್ಚಾದ ಪಟ್ಟಿ ಇದೆ. ನಾನು ಬಾಯಿಗೆ ಹಾಳೆ ಅಡ್ಡ ಹಿಡಿದು ಒಂದೊಂದೇ ಪದ ಹೇಳಬೇಕು, ಕೇಳಿದವರು ತಿರುಗಿ ಹೇಳಬೇಕು. ಪಟ್ಟಿಯಲ್ಲಿ 'ಹಸು' ಇದೆ, ಚಾಚಾ 'ಆಕಳ' ಎನ್ನುತ್ತಾರೆ. 'ಮೇಜು' ಇದೆ, 'ಟೇಬಲ್' ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಉತ್ತರಗಳಿಗೆ ತಪ್ಪು ಹಾಕಿ ಎಷ್ಟೋ ಜನರನ್ನು ಇದ್ದದ್ದಕ್ಕಿಂತ ಹೆಚ್ಚು ಕಿವುಡರನ್ನಾಗಿ ಮಾಡಿದ್ದೇನೆ. ಆಮೇಲೆ ಬುದ್ಧಿ ಬಂತು, ಆಕಳಿಗೂ ಟೇಬಲ್ಲಿಗೂ ಸರಿ ಹಾಕತೊಡಗಿದೆ.

ಅಂದು ಚಾಚಾ ಇಪ್ಪತ್ತೈದಕ್ಕೆ ಇಪ್ಪತ್ತೈದು ಹೇಳಿದರು. ಸಣ್ಣ ಸದ್ದು ಅಷ್ಟು ಇಳಿದವರಿಗೆ ಇದು ಆಗುವ ಮಾತಲ್ಲ. ಹಾಳೆಯನ್ನು ಮತ್ತೆ ಅಡ್ಡ ಹಿಡಿದು ಸುಮ್ಮನೆ ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅವರು "ಆಕಳ" ಎಂದರು. ಸ್ವಲ್ಪ ಹೊತ್ತಿಗೆ "ಟೇಬಲ್" ಎಂದರು.

"ಚಾಚಾ, ನಾ ಏನೂ ಅಂದೇ ಇಲ್ಲಲ್ರಿ."

ಅವರು ತಲೆ ಕೆಳಗೆ ಹಾಕಿದರು. "ಏಳ್ ವರ್ಷದಿಂದ ಇದೇ ಕೇಳ್ತೀರಿ ಮೇಡಂ. ಬಾಯಿಪಾಠ ಆಗ್ಯಾದ. ಪಾಸ್ ಆಗ್ಲಿ ಅಂತ ಹೇಳ್ತೀನಿ. ಫೇಲ್ ಆದ್ರ ಮಷೀನ್ ಕಸಗೋತಾರೇನೋ ಅಂತ."

ಏಳು ವರ್ಷದ ನನ್ನ ಪರೀಕ್ಷೆಯ ಹಾಳೆಗಳಲ್ಲಿ ಎಷ್ಟು ನಿಜ, ಎಷ್ಟು ಬಾಯಿಪಾಠ? ನನಗೆ ನಗು ಬಂತು, ಜತೆಗೆ ನಾಚಿಕೆಯೂ ಆಯಿತು. ಪಟ್ಟಿಯನ್ನು ಬ್ಯಾಗಿಗೆ ಹಾಕಿದೆ. ತಕ್ಕಡಿಯ ಪಕ್ಕ ಕೂತಿದ್ದ ಚಾಚಿಗೆ, "ನೀವು ಇವರನ್ನ ಹ್ಯಾಂಗ್ ಕರೀತೀರಿ ಹಂಗ ಕರೀರಿ" ಎಂದೆ. ಚಾಚಾನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ.

ಚಾಚಿ ಸೆರಗು ಸರಿಮಾಡಿಕೊಂಡರು. ಗಂಡನ ಹೆಸರನ್ನು ಅವರು ಹೇಳುವುದಿಲ್ಲ, ನಮ್ಮಲ್ಲಿಯೂ ಆ ವಯಸ್ಸಿನವರು ಹೇಳುವುದಿಲ್ಲ. "ಸುನ್ತೇ?" ಎಂದರು. ಕೇಳುತ್ತೀರಾ, ಅಷ್ಟೇ. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಚಾಚಾಗೆ ಅದೇ ಹೆಸರು.

ಚಾಚಾ ಅಲ್ಲಾಡಲಿಲ್ಲ. "ಸುನ್ತೇ?" ಎಂದು ಇನ್ನೊಮ್ಮೆ, ಗಟ್ಟಿಯಾಗಿ. ಅವರು ಗೋಡೆಯನ್ನೇ ನೋಡುತ್ತಿದ್ದರು. ನಾನು ಹೋಗಿ ಭುಜ ಮುಟ್ಟಿ, ಏನಾದರೂ ಕೇಳಿತೇ ಎಂದು ಕೈಸನ್ನೆ ಮಾಡಿದೆ.

"ಹಿಂದ ಯಾರೋ ಊಂ ಅಂದಂಗಾತು. ಕರಿಲಾಕತ್ತಾರ ಅಂತ ಗೊತ್ತಾಗಲಿಲ್ಲ."

ಆಗ ನನಗೆ ತಿಳಿಯಿತು. ಆ ಕರೆಯ ಮೊದಲ ಅಕ್ಷರ 'ಸ'. ಎಲ್ಲ ಅಕ್ಷರಗಳಲ್ಲಿ ಅದರ ಸದ್ದೇ ಅತಿ ಸಣ್ಣದು, ಗಿರಣಿಯ ಗದ್ದಲ ಮೊದಲು ತಿನ್ನುವುದೂ ಅಂಥ ಸದ್ದನ್ನೇ. 'ಸ' ಹೋದರೆ ಉಳಿಯುವುದು ದನ ಹೂಂಕರಿಸಿದಂಥ ಒಂದು ಉಸಿರು. ಮಷೀನಿನಲ್ಲಿ ಒಟ್ಟು ಆವಾಜು ಏರಿಸಿ ಪ್ರಯೋಜನವಿಲ್ಲ. ಮಷೀನು ಸದ್ದನ್ನು ದಪ್ಪದಿಂದ ಸಣ್ಣದರ ತನಕ ಪಟ್ಟಿಗಳಾಗಿ ಹಂಚಿಕೊಳ್ಳುತ್ತದೆ, ಸಣ್ಣ ಸದ್ದಿನ ಮೇಲಿನ ಎರಡನ್ನು ಮಾತ್ರ ಏರಿಸಬೇಕು. ಏರಿಸಿದರೆ ಸದ್ದು ಕಿವಿಯಿಂದ ಸೋರಿ ಮಷೀನು ಸೀಟಿ ಹೊಡೆಯುತ್ತದೆ, ಹಾಗಾಗದಂತೆ ಕಿವಿಯೊಳಗೆ ಕೂರುವ ಅದರ ಅಚ್ಚು ಬಿಗಿಯಾಗಬೇಕು. ಕೆಲಸ ಏನೆಂದು ಇಷ್ಟು ಸ್ಪಷ್ಟವಾಗಿ ನನಗೆ ಎಂದೂ ಗೊತ್ತಿರಲಿಲ್ಲ, ಮಾಡುವ ಉಪಾಯ ಇಷ್ಟು ಕಡಿಮೆ ಎಂದೂ ಇರಲಿಲ್ಲ.

ಅಲ್ಲೇ ಎರಡೂ ಕಿವಿಯಿಂದ ಹೊಸ ಅಚ್ಚಿನ ಅಳತೆ ತೆಗೆದುಕೊಂಡೆ. ಚಾಚಿ ನನ್ನ ಕೈ ಹಿಡಿದು, "ಬೇಟಾ, ನಾ ಬಿದ್ದಿದ್ದಕ್ಕ ನಂಗ ಅಂಜಿಕಿ ಇಲ್ಲ. ಕೂಗಿದ್ರೂ ಬರಲಿಲ್ಲ ಅಂದ್ರ ಇವರಿಗೆ ಏನರೆ ಆಯ್ತೇನೋ ಅಂತ ಅಂಜಿಕಿ. ನಂಗ ಕಾಣಂಗಿಲ್ಲಲ್ಲ" ಎಂದರು.

ಬಸ್ಸಿನಲ್ಲಿ ಕೂತು ನಿರ್ಧಾರ ಮಾಡಿದೆ. ನಕಲು ಬೇಡ, ಆ ಒಂದು ಸಲ ಚಾಚಾಗೆ. ನಲವತ್ತು ಜನರ ಲೆಕ್ಕ ದೊಡ್ಡದೇ. ಆದರೆ ಅವರ ಮಷೀನುಗಳು ಇದ್ದ ಹಾಗೆ ನಡೆಯುತ್ತಿರುತ್ತವೆ, ರಿಕಾರ್ಡು ಹೋದರೆ ಕಷ್ಟ ನನಗೆ, ಮುಂದೆ ಯಾವಾಗಲೋ. ಚಾಚಿ ನಾಳೆಯೇ ಮತ್ತೆ ಜಾರಿ ಬೀಳಬಹುದು. ಹೀಗೆ ನನಗೆ ನಾನೇ ಹೇಳಿಕೊಂಡೆ. ಕಾರ್ಯದರ್ಶಿಗಳಿಗೆ ಹೇಳಲಿಲ್ಲ. ಕೇಳಿದ್ದರೆ ನಲವತ್ತು ದೊಡ್ಡದೋ ಒಂದು ದೊಡ್ಡದೋ ಎನ್ನುತ್ತಿದ್ದರು.

ಹೊಸ ಅಚ್ಚುಗಳು ಬರಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಎಲ್ಲವನ್ನೂ ಕಾಗದದ ಮೇಲೆ ತಯಾರು ಮಾಡಿದೆ. ಎಡಗಿವಿಗೆ ಯಾವ ಪಟ್ಟಿ ಎಷ್ಟು, ಬಲಗಿವಿಗೆ ಎಷ್ಟು. ಲ್ಯಾಪ್‌ಟಾಪು ಏಳಲು ನಾಲ್ಕು ನಿಮಿಷ, ಸಾಫ್ಟ್‌ವೇರು ತೆರೆಯಲು ಒಂದು, ಕಿವಿಗೆ ಮೂರರಂತೆ ಎರಡು ಕಿವಿಗೆ ಆರು. ಒಟ್ಟು ಹನ್ನೊಂದು. ಕಣ್ಣು ಮುಚ್ಚಿ ಬೆರಳು ಆಡಿಸುವುದನ್ನು ರೂಢಿ ಮಾಡಿಕೊಂಡೆ. ಡಿಸ್ಕನ್ನು ಮತ್ತೆ ಬಸ್ಸಿನಲ್ಲಿ ಒಯ್ಯುವಂತಿರಲಿಲ್ಲ. ಹಾಗಾಗಿ ಚಾಚಾ, ಚಾಚಿ ಇಬ್ಬರನ್ನೂ ಸೂಪರ್ ಮಾರ್ಕೆಟ್‌ಗೇ ಕರೆಸಿದೆ.

ರಿಪೇರಿಯವರು ತಮ್ಮ ಹಿಂದಿನ ಕೋಣೆ ತೆರವು ಮಾಡಿಕೊಟ್ಟಿದ್ದರು. ಸುತ್ತಲೂ ಬಿಚ್ಚಿದ ಲ್ಯಾಪ್‌ಟಾಪುಗಳು, ಕೀಬೋರ್ಡುಗಳ ರಾಶಿ. ಚಾಚಿ ಸ್ಟೂಲಿನ ಮೇಲೆ, ಚಾಚಾ ಅವರಿಗೆ ಬೆನ್ನು ಮಾಡಿ. ಎರಡೂ ಮಷೀನುಗಳಿಗೆ ವೈರು ಸಿಕ್ಕಿಸಿ ಕಿವಿಗೆ ಏರಿಸಿದೆ. ಯಾವ ಕಿವಿ ಮೊದಲು ಎಂದು ಕೇಳಿದೆ.

"ಎಡಗಡೀದು ಮಾಡ್ರಿ. ಗಿರಣಿಯಾಗ ಆಕಿ ಎಡಕ್ಕ ಕೂಡ್ತಾಳ."

ರಿಪೇರಿಯವರು ಕರೆಂಟು ಕೊಟ್ಟರು. ಡಿಸ್ಕು ಗುಯ್ ಎಂದಿತು. ನಾವು ನಾಲ್ಕೂ ಜನ ಆ ಸದ್ದನ್ನೇ ಕೇಳುತ್ತಿದ್ದೆವು, ನಾಲ್ಕರಲ್ಲಿ ಒಬ್ಬರಿಗೆ ಅದು ಕೇಳುತ್ತಿರಲಿಲ್ಲ. ಐದನೆಯ ನಿಮಿಷಕ್ಕೆ ಸಾಫ್ಟ್‌ವೇರು ತೆರೆಯಿತು. ಎಡಗಿವಿಯ ಅಂಕಿಗಳನ್ನು ಹೊಡೆದೆ, ಬರೆ ಎಂದೆ. ಹಸಿರು ಪಟ್ಟಿ ಮೆಲ್ಲಗೆ ತುಂಬಿಕೊಂಡು ಕೊನೆ ಮುಟ್ಟಿತು. ಚಾಚಿಯ ಕೈ ಅದುಮಿದೆ.

"ಸುನ್ತೇ?"

ಗಟ್ಟಿಯಾಗಿ ಅಲ್ಲ, ಮನೆಯಲ್ಲಿ ಪಕ್ಕದಲ್ಲಿದ್ದವರಿಗೆ ಹೇಳುವಷ್ಟು. ಚಾಚಾ ಸರಕ್ಕನೆ ತಿರುಗಿದರು. "ಹಾಂ" ಎಂದರು. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರಿಪೇರಿಯವರು ಹಣೆಯ ಭೂತಗನ್ನಡಿ ತೆಗೆದು ಕಣ್ಣೊರೆಸಿಕೊಂಡರು. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು, ಎಂಟು ನಿಮಿಷವೂ ಆಗಿತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಬಲಗಿವಿಯ ಮಷೀನು ಹಳೆಯ ಅಂಕಿಗಳಲ್ಲಿಯೇ ಅಷ್ಟಿಷ್ಟು ಕೆಲಸ ಮಾಡುತ್ತಿತ್ತು. ರಿಪೇರಿಯವರು ನನ್ನ ಮುಖ ನೋಡಿ, "ಸಾಕೇನ್ರಿ?" ಎಂದು ಕೇಳಿದರು ಕೂಡ. ಇನ್ನು ಮೂರು ನಿಮಿಷ ಇದೆ ಎಂದೆ. ಅರ್ಧ ಕೆಲಸ ಬಿಟ್ಟು ಏಳುವುದು ನನ್ನ ಜಾಯಮಾನವಲ್ಲ. ಜನ ಅದನ್ನು ಗುಣ ಎನ್ನುತ್ತಾರೆ. ಬಲಗಿವಿಯ ಅಂಕಿ ಹೊಡೆದು ಬರೆ ಎಂದೆ.

ಹಸಿರು ಪಟ್ಟಿ ಅರ್ಧ ದಾಟಿತು. ಟಿಕ್. ಪಟ್ಟಿ ನಿಂತಿತು. ಟಿಕ್, ಟಿಕ್. ಮಾನಿಟರ್ ನೀಲಿಯಾಯಿತು. ಒಳಗೆ ಕೊರೆಯುವಂಥ ಒಂದು ಸದ್ದು ಬಂದು ಎಲ್ಲ ಸುಮ್ಮನಾಯಿತು.

"ಹೋಯ್ತ್ರಿ" ಎಂದರು ರಿಪೇರಿಯವರು.

ನಾನು ಬಲಗಡೆಯ ಮಷೀನನ್ನು ಬಿಚ್ಚಿ ಹೊಸ ಸೆಲ್ಲು ಹಾಕಿದೆ. ನಡೆಯುವ ಮಷೀನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಸೀಟಿ ಹೊಡೆಯುತ್ತದೆ. ಇದು ಹೊಡೆಯಲಿಲ್ಲ. ಇನ್ನೊಂದು ಸೆಲ್ಲು ಹಾಕಿದೆ, ಮತ್ತೊಂದು ಹಾಕಿದೆ. ಬರೆಯುವಾಗ ಅರ್ಧಕ್ಕೆ ಕಡಿದದ್ದರಿಂದ ಅದರೊಳಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಬಂದಾಗ ಎರಡು ಕಿವಿ ಮಂದ ಇದ್ದ ಮನುಷ್ಯನನ್ನು ನಾನು ಒಂದು ಕಿವಿಯವರನ್ನಾಗಿ ಮಾಡಿದ್ದೆ. ನಲವತ್ತು ಜನರ ರಿಕಾರ್ಡೂ ಹೋಗಿತ್ತು. ಕೈಯಲ್ಲಿ ಆ ಪ್ಲಾಸ್ಟಿಕ್ ತುಂಡು ಹಿಡಿದುಕೊಂಡು ನಾನು ಅತ್ತೆ. ಕೆಲಸದ ಜಾಗದಲ್ಲಿ, ರೋಗಿಗಳ ಎದುರು ಹಿಂದೆಂದೂ ಅತ್ತಿರಲಿಲ್ಲ.

ಚಾಚಾ ನನ್ನನ್ನು ಸಮಾಧಾನ ಮಾಡಿದರು. "ಅಳಬ್ಯಾಡ್ರಿ ಮೇಡಂ. ನಂಗ ಇರಾಕಿ ಒಬ್ಬಾಕಿ ಹೆಂಡ್ತಿ. ಒಬ್ಬಾಕಿ ಮಾತು ಕೇಳಲಾಕ ಒಂದ್ ಕಿವಿ ಸಾಕು." ರಿಪೇರಿಯವರು ನಕ್ಕರು, ಚಾಚಿಯೂ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಹಳೆಯ ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಬಂದೆ. ಈಗ ಅದರ ಕೀಬೋರ್ಡು, ಫ್ಯಾನು ಯಾರಿಗಾದರೂ ಉಪಯೋಗಕ್ಕೆ ಬಂದಿರಬಹುದು. ಹೊಸದರಲ್ಲಿ ಹೊಸ ಮಷೀನಿನವರ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಹಳೆಯ ಮಷೀನಿನವರು ಬಂದರೆ ಮೇಣ ತೆಗೆದು, ಟ್ಯೂಬು ಬದಲಿಸಿ ಕಳಿಸುತ್ತೇನೆ. ಚಾಚಾನ ಬಲಗಿವಿಗೆ ಹೊಸದು ಕೊಡಿ ಎಂದು ಯೋಜನೆಯ ಕಚೇರಿಗೆ ಬರೆದೆ. ಅವಧಿ ಮುಗಿದ ಮೇಲೆ ಅರ್ಜಿ ಹಾಕಲಿ ಎಂದು ಉತ್ತರ ಬಂತು.

ಎರಡು ವಾರ ಬಿಟ್ಟು ಗಿರಣಿಗೆ ಹೋದೆ. ಮಧ್ಯಾಹ್ನ, ಕರೆಂಟು ಹೋಗಿ ಮೋಟರು ನಿಂತಿತ್ತು. ಚಾಚಾ ಕಲ್ಲಿಗೆ ಅಂಟಿದ ಹಿಟ್ಟನ್ನು ಬುಟ್ಟಿಗೆ ಬಳಿಯುತ್ತಿದ್ದರು. ಗಿರಣಿಗೆ ಎರಡು ಬಾಗಿಲು, ಮುಂದಿನದು ರಸ್ತೆಗೆ, ಹಿಂದಿನದು ಮನೆಯ ಹಿತ್ತಲಿಗೆ. ನಾನು ನಡುವೆ ಚೀಲದ ಮೇಲೆ ಕೂತು ಎಡಗಿವಿಯ ಅಚ್ಚು ಹೇಗಿದೆ ಎಂದು ಕೇಳುತ್ತಿದ್ದೆ.

"ಸುನ್ತೇ?" ಹಿತ್ತಲಿನಿಂದ ಚಾಚಿಯ ದನಿ.

ಚಾಚಾನ ಮುಖ ಅರಳಿತು. "ಕೇಳ್ತು ನೋಡ್ರಿ ಮೇಡಂ, ಖಡಕ್ ಕೇಳ್ತು" ಎಂದರು. ಬುಟ್ಟಿ ಇಟ್ಟು, "ಹಾಂ, ಬಂದೆ" ಎನ್ನುತ್ತ ಎದ್ದು, ಮುಂದಿನ ಬಾಗಿಲಿನಿಂದ ರಸ್ತೆಗೆ ಇಳಿದರು.

ಒಂದೇ ಕಿವಿಗೆ ಸದ್ದು ಕೇಳುತ್ತದೆ, ಅದು ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ಅದಕ್ಕೆ ಎರಡೂ ಕಿವಿ ಬೇಕು. ನಮಗೆ ಮೊದಲ ವರ್ಷದಲ್ಲೇ ಕಲಿಸುವ ಪಾಠ ಅದು. ಸೂಪರ್ ಮಾರ್ಕೆಟ್‌ನ ಆ ಕೋಣೆಯಲ್ಲಿ ಅವರು ಸರಿಯಾಗಿ ತಿರುಗಿದ್ದು ಹೆಂಡತಿ ಬೆನ್ನ ಹಿಂದೆ ಕೂತಿದ್ದಾಳೆಂದು ಮೊದಲೇ ಗೊತ್ತಿದ್ದರಿಂದ.

ನಾನು ಹಿಂದಿನ ಬಾಗಿಲಿಗೆ ಓಡಿದೆ. ಚಾಚಿ ಒದ್ದೆ ಮೆಟ್ಟಿಲ ಮೇಲೆ ನಿಂತು ಗಾಳಿಯಲ್ಲಿ ಕೈ ಚಾಚಿದ್ದರು. ನನ್ನ ಹೆಜ್ಜೆಯ ಸದ್ದಿಗೆ ಅವರ ಮುಖ ಈ ಕಡೆ ತಿರುಗಿತು. ತಮ್ಮ ಮಾತಿನಲ್ಲಿ, ಒಂದೇ ಕೂಗಿಗೆ ಬಂದಿರಲ್ಲ ಎಂದು ನಗುತ್ತ ಹೇಳಿದರು. ನಾನು ಅವರ ಕೈ ಹಿಡಿದುಕೊಂಡೆ. ಅವರ ಬೆರಳು ನನ್ನ ಬಳೆಗಳನ್ನು ಮುಟ್ಟಿ ಅಲ್ಲೇ ನಿಂತವು, ನಗುವೂ ನಿಂತಿತು. ಗಿರಣಿಯ ಆಚೆ ರಸ್ತೆಯಲ್ಲಿ ಚಾಚಾ "ಕಾಂ ಹೈ ತೂ? ಎಲ್ಲಿದ್ದೀ?" ಎಂದು ಕೇಳುತ್ತಿದ್ದರು.